ಹಳಿ ಕಿತ್ತರೂ ಉಳಿಯುವ ತಿರುವು

ಮುಖ್ಯ ಮಾರ್ಗದಿಂದ ಕವಲೊಡೆದು ಕಾರ್ಖಾನೆಯ ಕಾಂಪೌಂಡಿನೊಳಕ್ಕೆ ಗೂಡ್ಸ್ ವ್ಯಾಗನ್‌ಗಳನ್ನು ಒಯ್ಯುವ ಹಳಿಗೆ ಸೈಡಿಂಗ್ ಎನ್ನುತ್ತಾರೆ. ಕಾರ್ಖಾನೆ ಮುಚ್ಚಿದ ಮೇಲೆ ಹಳಿ ಗುಜರಿಗೆ ಹೋಗುತ್ತದೆ, ಜಾಗ ನಿವೇಶನಗಳಾಗುತ್ತದೆ. ಆದರೂ ಆಕಾಶದಿಂದ ತೆಗೆದ ಹಳೆಯ ಚಿತ್ರಗಳಲ್ಲಿ ಅದರ ಗುರುತು ಹಿಡಿಯಬಹುದು.

ಹೈದರಾಬಾದ್ ಇಂಥ ಹುಡುಕಾಟಕ್ಕೆ ಹೇಳಿಮಾಡಿಸಿದ ಊರು. ವಾಡಿಯಿಂದ ಬ್ರಾಡ್ ಗೇಜ್ ರೈಲು ಇಲ್ಲಿಗೆ ಬಂದದ್ದು 1874ರಲ್ಲಿ. ಮುಂದೆ ಮನ್ಮಾಡ್ ಕಡೆಯಿಂದ ಮೀಟರ್ ಗೇಜೂ ಸೇರಿಕೊಂಡಿತು. ನಿಜಾಮರ ಕಾಲದಲ್ಲೇ ಡಿ.ಬಿ.ಆರ್. ಮಿಲ್ಲು, ಪ್ರಾಗಾ ಟೂಲ್ಸ್, ಆಲ್ವಿನ್, ಅಜಾಮಾಬಾದ್ ಕೈಗಾರಿಕಾ ಪ್ರದೇಶ ತಲೆ ಎತ್ತಿದವು. ಇವುಗಳಲ್ಲಿ ಹಲವು ಇಂದು ಹೆಸರಾಗಿಯಷ್ಟೇ ಉಳಿದಿವೆ.

ಚಿತ್ರದಲ್ಲಿ ಮೊದಲು ನೋಡಬೇಕಾದದ್ದು ತಿರುವು. ರಸ್ತೆ ಮೂಲೆಯಲ್ಲಿ ಥಟ್ಟನೆ ಹೊರಳಬಲ್ಲದು, ರೈಲಿಗೆ ಅದು ಸಾಧ್ಯವಿಲ್ಲ. ಬ್ರಾಡ್ ಗೇಜ್‌ನಲ್ಲಿ ಅತಿ ಬಿಗಿಯಾದ ತಿರುವಿಗೂ ಸುಮಾರು 175 ಮೀಟರ್ ತ್ರಿಜ್ಯ ಬೇಕು. ಮೀಟರ್ ಗೇಜ್‌ಗೆ ಕಡಿಮೆ ಸಾಕು. ಚೌಕಾಕಾರದ ನಿವೇಶನಗಳ ನಡುವೆ ಒಂದು ಗೋಡೆ ಕಾರಣವಿಲ್ಲದೆ ಬಿಲ್ಲಿನಂತೆ ಬಾಗಿದ್ದರೆ ಅಲ್ಲಿ ಹಳಿ ಇತ್ತೆಂದು ಅನುಮಾನಿಸಬಹುದು. ಹಳಿಯೇ ಕಾಣುವುದು ಅಪರೂಪ, ಕಾಣುವುದು ಜಲ್ಲಿಯ ಪಟ್ಟಿ. ಚಿಮಣಿಯನ್ನು ಅದರ ನೆರಳು ತೋರಿಸಿಕೊಡುತ್ತದೆ. ಕಲ್ಲಿದ್ದಲ ರಾಶಿ ಕಡುಗಪ್ಪು, ಬೂದಿಯ ಗುಡ್ಡೆ ಬಿಳಚು. ಒಂದರ ಮೇಲೊಂದು ಭಾಗಶಃ ಬರುವಂತೆ ತೆಗೆದ ಎರಡು ಚಿತ್ರಗಳನ್ನು ಸ್ಟೀರಿಯೋಸ್ಕೋಪಿನಲ್ಲಿಟ್ಟರೆ ಏರಿ, ತಗ್ಗುಗಳೂ ಎದ್ದು ಕಾಣುತ್ತವೆ.

ಹುಸೇನ್ ಸಾಗರದ ದಂಡೆಯ ಉಷ್ಣವಿದ್ಯುತ್ ಸ್ಥಾವರ ಒಳ್ಳೆಯ ಉದಾಹರಣೆ. 1920ರಲ್ಲಿ ಶುರುವಾದ ಅದನ್ನು 1995ರಲ್ಲಿ ಕೆಡವಲಾಯಿತು. ಈಗ ಆ ಜಾಗದಲ್ಲಿ ಎನ್.ಟಿ.ಆರ್. ಗಾರ್ಡನ್ಸ್, ಪ್ರಸಾದ್ಸ್ ಚಿತ್ರಮಂದಿರಗಳಿವೆ. ಅಲ್ಲಿ ಸಿನಿಮಾ ನೋಡಿ ಹೊರಬರುವವರಿಗೆ ಕಲ್ಲಿದ್ದಲಿನ ಸುಳಿವೇ ಸಿಗದು. ಕೆಡವುವ ಮೊದಲಿನ ಚಿತ್ರವನ್ನು ಇಂದಿನ ಉಪಗ್ರಹ ಚಿತ್ರದ ಪಕ್ಕಕ್ಕಿಟ್ಟು, ಖೈರತಾಬಾದ್ ಬಳಿಯ ಮುಖ್ಯ ಮಾರ್ಗದಿಂದ ಕೆರೆಯತ್ತ ಕಣ್ಣು ಹಾಯಿಸುವುದು ಇಲ್ಲಿನ ಸರಿಯಾದ ಕ್ರಮ.

ಚಿತ್ರ ಸಿಗುವುದೇ ದೊಡ್ಡ ತೊಡಕು. ವೈಮಾನಿಕ ಸಮೀಕ್ಷೆ ನಡೆಸುತ್ತಿದ್ದ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಹೈದರಾಬಾದಿನ ಬಾಲಾನಗರದಲ್ಲೇ ಇದ್ದರೂ, ರಕ್ಷಣಾ ನಿರ್ಬಂಧಗಳಿಂದಾಗಿ ಆ ಚಿತ್ರಗಳು ಜನಸಾಮಾನ್ಯರ ಕೈಗೆ ಸುಲಭವಾಗಿ ಸಿಗುತ್ತಿರಲಿಲ್ಲ. 2021ರಲ್ಲಿ ಭೂದತ್ತಾಂಶದ ನಿಯಮಗಳು ಸಡಿಲವಾದವು. ಅದಕ್ಕೂ ಮೊದಲೇ ದಾರಿ ತೆರೆದದ್ದು ಅಮೆರಿಕದ ಬೇಹುಗಾರಿಕೆ ಉಪಗ್ರಹಗಳ ಸರಣಿ ಕರೋನಾ. 1960ರಿಂದ 1972ರವರೆಗೆ ಅದು ತೆಗೆದ ಚಿತ್ರಗಳ ಗೋಪ್ಯತೆಯನ್ನು 1995ರಲ್ಲಿ ತೆರವು ಮಾಡಲಾಯಿತು. ಅವುಗಳಲ್ಲಿ ಅತ್ಯುತ್ತಮವಾದವು ನೆಲದ ಮೇಲಿನ ಸುಮಾರು ಎರಡು ಮೀಟರ್‌ನಷ್ಟು ವಸ್ತುವನ್ನೂ ತೋರಿಸುತ್ತವೆ.

ಇದಕ್ಕೂ ಹಿಂದಿನ ಕಾಲಕ್ಕೆ ಲಿಯೊನಾರ್ಡ್ ಮನ್ ನೇತೃತ್ವದ 1912–15ರ ನಗರ ಸಮೀಕ್ಷೆಯ ನಕ್ಷೆಗಳೇ ಗತಿ. ಬರೀ ಚಿತ್ರ ನಂಬಿ ತೀರ್ಮಾನಿಸುವುದು ತಪ್ಪು. ಬಾಗಿದ ಗೆರೆ ಹಳೆಯ ಕಾಲುವೆಯೂ ಆಗಿರಬಹುದು. ವ್ಯಾಗನ್‌ನಲ್ಲಿ ಏನು ಬರುತ್ತಿತ್ತು ಎಂಬುದನ್ನು ರೈಲ್ವೆ ದಾಖಲೆ ಮತ್ತು ಅಲ್ಲಿ ದುಡಿದ ಹಿರಿಯರಿಂದಲೇ ತಿಳಿಯಬೇಕು.