ವೇಗಕ್ಕೆ ಕಡಿವಾಣ: ಯುರೋಪಿನ ಕಾರು ಪಂದ್ಯಗಳ ಇತಿಹಾಸದಲ್ಲಿ ಭೌತವಿಜ್ಞಾನ

ಕಾರು ಪಂದ್ಯವೆಂದರೆ ವೇಗದ ಪೈಪೋಟಿ. ಆದರೆ ಅಂಥ ಪಂದ್ಯಗಳನ್ನು ನಡೆಸುವ ಸಂಸ್ಥೆಗಳು ಹೆಚ್ಚಿನ ಸಮಯವನ್ನು ಕಳೆದಿರುವುದು ವೇಗವನ್ನು ತಡೆಯುವ ನಿಯಮಗಳನ್ನು ರೂಪಿಸುವುದರಲ್ಲಿ! ಇದು ವಿಚಿತ್ರವೆನಿಸಿದರೂ ನಿಜ. ವೇಗಕ್ಕೆ ಮಿತಿ ಹಾಕಬೇಕಾದರೆ ಕಾರಿನ ಯಾವ ಪರಿಮಾಣವನ್ನು ಅಳೆದು ಮಿತಿ ಹಾಕಬೇಕು? ತೂಕವನ್ನೇ, ಎಂಜಿನ್ನಿನ ಗಾತ್ರವನ್ನೇ, ಗಾಳಿಯನ್ನೇ, ಇಂಧನವನ್ನೇ? ಈ ಪ್ರಶ್ನೆಗೆ ಸಮರ್ಪಕ ಉತ್ತರ ದೊರೆಯಲು ಸುಮಾರು ಅರುವತ್ತು ವರ್ಷಗಳೇ ಬೇಕಾದವು. ಆ ಅವಧಿಯಲ್ಲಿ ಚಾಲಕರೂ ಪ್ರೇಕ್ಷಕರೂ ಪ್ರಾಣ ತೆತ್ತರು. ಈ ಇತಿಹಾಸವನ್ನು ಭೌತವಿಜ್ಞಾನದ ಕಣ್ಣಿನಿಂದ ನೋಡೋಣ.

ಎರಡು ಹಾದಿಗಳು

1895ರಲ್ಲಿ ಪ್ಯಾರಿಸ್‌ನಿಂದ ಬೋರ್ಡೊಗೆ ಹೋಗಿ ಮರಳುವ 1178 ಕಿ.ಮೀ. ಪಂದ್ಯವನ್ನು ಎಮಿಲ್ ಲೆವಸೋರ್ 48 ಗಂಟೆ 48 ನಿಮಿಷಗಳಲ್ಲಿ ಮುಗಿಸಿದರು. ಸರಾಸರಿ ವೇಗ ಗಂಟೆಗೆ ಸುಮಾರು 24 ಕಿ.ಮೀ. ಎಂಟು ವರ್ಷಗಳ ನಂತರ, 1903ರಲ್ಲಿ, ಪ್ಯಾರಿಸ್–ಮ್ಯಾಡ್ರಿಡ್ ಪಂದ್ಯ ನಡೆದಾಗ ಮುಂಚೂಣಿಯ ಕಾರಿನ ಸರಾಸರಿ ವೇಗ ಗಂಟೆಗೆ 100 ಕಿ.ಮೀ. ಮೀರಿತ್ತು. ಚಲನಶಕ್ತಿಯ ಸೂತ್ರವನ್ನು ನೆನಪಿಸಿಕೊಳ್ಳಿ:

ಚಲನಶಕ್ತಿ = ½ × ದ್ರವ್ಯರಾಶಿ × ವೇಗ²

ವೇಗ ನಾಲ್ಕು ಪಟ್ಟಾದರೆ, ಅದೇ ದ್ರವ್ಯರಾಶಿಯ ಕಾರಿನ ಚಲನಶಕ್ತಿ ಹದಿನಾರು ಪಟ್ಟಾಗುತ್ತದೆ. ಅದನ್ನು ತಡೆಯಬೇಕಾದ ಬ್ರೇಕುಗಳಾಗಲಿ, ಧೂಳು ತುಂಬಿದ ರಸ್ತೆಗಳಾಗಲಿ ಅಷ್ಟೇ ಪ್ರಮಾಣದಲ್ಲಿ ಸುಧಾರಿಸಿರಲಿಲ್ಲ. ರಸ್ತೆಯ ಅಂಚಿನಲ್ಲಿ ಜನ ಕಿಕ್ಕಿರಿದಿದ್ದರು. ಸಾವುಗಳು ಸಂಭವಿಸಿದ್ದರಿಂದ ಪಂದ್ಯವನ್ನು ಬೋರ್ಡೊದಲ್ಲೇ ನಿಲ್ಲಿಸಲಾಯಿತು.

ಅಲ್ಲಿಂದ ಮುಂದೆ ಕಾರು ಪಂದ್ಯಗಳು ಎರಡು ಹಾದಿಗಳಾಗಿ ಕವಲೊಡೆದವು. ಒಂದು, ಇತರ ವಾಹನಗಳಿಗೆ ಮುಚ್ಚಿದ ಸುತ್ತುಪಥದಲ್ಲಿ, ಅಂದರೆ ಸರ್ಕ್ಯೂಟಿನಲ್ಲಿ, ಎಲ್ಲ ಕಾರುಗಳೂ ಒಟ್ಟಿಗೆ ಓಡುವ ಪಂದ್ಯ. 1906ರಲ್ಲಿ ಲೆ ಮಾನ್ ಬಳಿ ನಡೆದ ಮೊದಲ ಫ್ರೆಂಚ್ ಗ್ರಾಂಡ್ ಪ್ರಿ ಇದಕ್ಕೆ ಉದಾಹರಣೆ. ಇನ್ನೊಂದು ರ‍್ಯಾಲಿ. 1911ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಸ್ಪರ್ಧಿಗಳು ಬೇರೆ ಬೇರೆ ನಗರಗಳಿಂದ ಹೊರಟು ಸಾಮಾನ್ಯ ರಸ್ತೆಗಳಲ್ಲೇ ಸಾಗಿ ಒಂದೆಡೆ ಸೇರಬೇಕಿತ್ತು. ಮುಂದೆ ರ‍್ಯಾಲಿಯೆಂದರೆ ಬೆಟ್ಟ, ಕಾಡು, ಹಿಮದ ರಸ್ತೆಗಳ ಕೆಲವು ಭಾಗಗಳನ್ನು ಮುಚ್ಚಿ, ಒಂದೊಂದೇ ಕಾರನ್ನು ಬಿಟ್ಟು, ಗಡಿಯಾರದ ಎದುರು ಓಡಿಸುವ ಸ್ಪರ್ಧೆಯಾಯಿತು.

ಸರ್ಕ್ಯೂಟ್ ಪಂದ್ಯಗಳಿಗೆ 1931ರಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ ಏರ್ಪಟ್ಟಿತು. 1950ರಲ್ಲಿ ಬ್ರಿಟನ್ನಿನ ಸಿಲ್ವರ್‌ಸ್ಟೋನ್‌ನಲ್ಲಿ ಚಾಲಕರ ವಿಶ್ವ ಚಾಂಪಿಯನ್‌ಷಿಪ್ ಆರಂಭವಾಯಿತು. ರ‍್ಯಾಲಿಗಳಿಗೆ 1953ರಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್, 1973ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಬಂದವು.

ಸೋತ ತೂಕದ ನಿಯಮ

1930ರ ದಶಕದ ಆರಂಭದಲ್ಲಿ ಕಾರುಗಳ ವೇಗ ಆತಂಕ ಹುಟ್ಟಿಸತೊಡಗಿತು. ನಿಯಮ ರೂಪಿಸುವವರು ಒಂದು ಸರಳ ಉಪಾಯ ಹೂಡಿದರು. 1934ರಿಂದ ಗ್ರಾಂಡ್ ಪ್ರಿ ಕಾರು 750 ಕಿ.ಗ್ರಾಂ ಮೀರಬಾರದು, ಚಾಲಕ, ಇಂಧನ, ಟಯರುಗಳು ಈ ಲೆಕ್ಕಕ್ಕಿಲ್ಲ. ದೊಡ್ಡ ಎಂಜಿನ್ ಭಾರವಾಗಿರುತ್ತದೆ. ಆದ್ದರಿಂದ ತೂಕಕ್ಕೆ ಮಿತಿ ಹಾಕಿದರೆ ಎಂಜಿನ್ ತಾನಾಗಿಯೇ ಚಿಕ್ಕದಾಗುತ್ತದೆ ಎಂಬುದು ಅವರ ತರ್ಕ.

ಆದರೆ ನಮ್ಮ ಗಾದೆಯಂತೆ, ಒಬ್ಬರು ಚಾಪೆಯ ಕೆಳಗೆ ತೂರಿದರೆ ಇನ್ನೊಬ್ಬರು ರಂಗೋಲಿಯ ಕೆಳಗೆ ತೂರಿದರು. ಜರ್ಮನಿಯ ಮರ್ಸಿಡಿಸ್ ಮತ್ತು ಆಟೊ ಯೂನಿಯನ್ ಸಂಸ್ಥೆಗಳ ಎಂಜಿನಿಯರುಗಳು ಹಗುರ ಮಿಶ್ರಲೋಹಗಳನ್ನು ಬಳಸಿ ಕಾರಿನ ಚೌಕಟ್ಟಿನಲ್ಲಿ ತೂಕ ಉಳಿಸಿದರು. ಉಳಿಸಿದ ತೂಕವನ್ನು ಎಂಜಿನ್ನಿಗೆ ವ್ಯಯಿಸಿದರು. 1934ರ ಮರ್ಸಿಡಿಸ್ ಕಾರಿನ ಎಂಜಿನ್ ಸುಮಾರು 350 ಅಶ್ವಸಾಮರ್ಥ್ಯದ್ದಾಗಿತ್ತು. 1937ರಲ್ಲಿ, ಅದೇ 750 ಕಿ.ಗ್ರಾಂ ಮಿತಿಯೊಳಗೆ, 5.6 ಲೀಟರಿಗೂ ಹೆಚ್ಚಿನ ಎಂಜಿನ್ ಸುಮಾರು 600 ಅಶ್ವಸಾಮರ್ಥ್ಯ ನೀಡುತ್ತಿತ್ತು.

ವೇಗ ತಗ್ಗಿಸಬೇಕಿದ್ದ ನಿಯಮ ಹಗುರ ಮತ್ತು ಬಲಶಾಲಿ ಕಾರುಗಳನ್ನು ಸೃಷ್ಟಿಸಿತ್ತು. 1938ರಲ್ಲಿ ನಿಯಮ ಬದಲಾಯಿತು. ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಇದ್ದರೆ ಎಂಜಿನ್ ಗಾತ್ರ 3 ಲೀಟರ್, ಇಲ್ಲದಿದ್ದರೆ 4.5 ಲೀಟರ್ ಎಂಬ ಮಿತಿ ಬಂತು. ಆದರೆ ಗಾತ್ರವೂ ಪರೋಕ್ಷ ಅಳತೆಯೇ. ಎಂಜಿನ್ನಿನ ಸಾಮರ್ಥ್ಯ ನಿರ್ಧಾರವಾಗುವುದು ಸಿಲಿಂಡರಿನ ಗಾತ್ರದಿಂದ ಮಾತ್ರವಲ್ಲ. ಪ್ರತಿ ಸೆಕೆಂಡಿಗೆ ಅದರೊಳಗೆ ಎಷ್ಟು ಗಾಳಿ ಮತ್ತು ಇಂಧನ ಉರಿಯುತ್ತವೆ ಎಂಬುದರಿಂದ.

ಸರ್ಕ್ಯೂಟನ್ನು ಬದಲಾಯಿಸಬಹುದು

1955ರ ಜೂನ್ 11ರಂದು ಲೆ ಮಾನ್‌ನ 24 ಗಂಟೆಗಳ ಪಂದ್ಯದಲ್ಲಿ ಮೋಟಾರು ಕ್ರೀಡೆಯ ಅತಿ ದೊಡ್ಡ ದುರಂತ ನಡೆಯಿತು. ಪಿಯರ್ ಲೆವೆ ಓಡಿಸುತ್ತಿದ್ದ ಮರ್ಸಿಡಿಸ್ ಕಾರು ಮುಂದಿನ ಕಾರಿಗೆ ತಗುಲಿ ಮೇಲಕ್ಕೆ ಚಿಮ್ಮಿತು. ಅದರ ಭಾಗಗಳು ಪ್ರೇಕ್ಷಕರ ಮೇಲೆ ಹಾರಿದವು. ಚಾಲಕನೊಂದಿಗೆ 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಕಾರಿನ ಮೈಯನ್ನು ಹಗುರವಾದ ಮೆಗ್ನೀಸಿಯಮ್ ಮಿಶ್ರಲೋಹದಿಂದ ಮಾಡಲಾಗಿತ್ತು. ಉರಿಯುವ ಮೆಗ್ನೀಸಿಯಮ್ ಮೇಲೆ ನೀರು ಸುರಿದರೆ ಅದು ನೀರಿನೊಂದಿಗೆ ವರ್ತಿಸಿ ಹೈಡ್ರೋಜನ್ ಬಿಡುಗಡೆ ಮಾಡುತ್ತದೆ. ಬೆಂಕಿ ಇನ್ನಷ್ಟು ಭುಗಿಲೇಳುತ್ತದೆ. ಈ ದುರಂತದ ನಂತರ ಸ್ವಿಟ್ಜರ್ಲೆಂಡ್ ಸರ್ಕ್ಯೂಟ್ ಪಂದ್ಯಗಳನ್ನೇ ನಿಷೇಧಿಸಿತು. ಲೆ ಮಾನ್‌ನಲ್ಲಿ ದುರಂತ ನಡೆದ ಭಾಗವನ್ನು ಮರುನಿರ್ಮಿಸಲಾಯಿತು.

ಇದು ಸರ್ಕ್ಯೂಟಿನ ಅನುಕೂಲ. ಪ್ರೇಕ್ಷಕರನ್ನು ದೂರ ಸರಿಸಬಹುದು, ತಡೆಗೋಡೆ ಕಟ್ಟಬಹುದು, ತಿರುವಿನ ಹೊರಗೆ ಬಯಲು ಬಿಡಬಹುದು. ಆದರೂ ಕಾರುಗಳು ತಿರುವುಗಳಲ್ಲಿ ಮತ್ತಷ್ಟು ವೇಗ ಪಡೆದವು. ಕಾರು ತಿರುಗಲು ಬೇಕಾದ ಕೇಂದ್ರಾಭಿಮುಖ ಬಲವನ್ನು ಟಯರಿನ ಘರ್ಷಣೆ ಕೊಡುತ್ತದೆ. ಟಯರನ್ನು ರಸ್ತೆಗೆ ಒತ್ತುವ ಬಲ ಹೆಚ್ಚಿದಂತೆ ಘರ್ಷಣೆಯೂ ಹೆಚ್ಚುತ್ತದೆ. ತೂಕ ಹೆಚ್ಚಿಸದೆ ಈ ಒತ್ತುಬಲವನ್ನು ಗಾಳಿಯಿಂದಲೇ ಪಡೆಯಬಹುದಲ್ಲವೆ?

ಲೋಟಸ್ ಸಂಸ್ಥೆಯ ಕಾಲಿನ್ ಚಾಪ್‌ಮನ್ ಮತ್ತು ಸಂಗಡಿಗರು 1977ರಲ್ಲಿ ಕಾರಿನ ತಳವನ್ನೇ ಪಠ್ಯಪುಸ್ತಕದ ವೆಂಚುರಿ ನಳಿಕೆಯಂತೆ ರೂಪಿಸಿದರು. ತಳ ಮತ್ತು ರಸ್ತೆಯ ನಡುವಿನ ಕಿರಿದಾದ ಜಾಗದಲ್ಲಿ ಗಾಳಿ ವೇಗವಾಗಿ ಹರಿದು ಅದರ ಒತ್ತಡ ಕುಸಿಯುತ್ತದೆ. ಕಾರು ನೆಲಕ್ಕೆ ಹೀರಲ್ಪಡುತ್ತದೆ. ಪಕ್ಕಗಳಿಂದ ಗಾಳಿ ನುಗ್ಗದಂತೆ ರಸ್ತೆಗೆ ತಾಗುವ ಅಂಚುಪಟ್ಟಿಗಳನ್ನು ಇಳಿಬಿಡಲಾಗಿತ್ತು. ಒತ್ತುಬಲ ಕಾರಿನ ತೂಕದಷ್ಟೇ ಆದರೆ, ಅದೇ ತಿರುವಿನಲ್ಲಿ ವೇಗ √2 ಪಟ್ಟು, ಅಂದರೆ ಶೇ. 41ರಷ್ಟು, ಹೆಚ್ಚಬಹುದು. ಈ ತತ್ತ್ವದ ಕಾರಿನಲ್ಲಿ ಮಾರಿಯೊ ಆಂಡ್ರೆಟಿ 1978ರ ವಿಶ್ವ ಚಾಂಪಿಯನ್ ಆದರು.

ಅಪಾಯವಿದ್ದದ್ದು ಬೇರೆಡೆ. ಅಂಚುಪಟ್ಟಿ ಸಿಕ್ಕಿಕೊಂಡರೆ ಅಥವಾ ಕಾರು ಸ್ವಲ್ಪ ಮೇಲೆದ್ದರೆ ಗಾಳಿ ಒಳನುಗ್ಗಿ ಒತ್ತುಬಲ ಕ್ಷಣಾರ್ಧದಲ್ಲಿ ಮಾಯವಾಗುತ್ತದೆ. ತಿರುವಿನ ನಡುವೆ ಹೀಗಾದರೆ ಚಾಲಕನಿಗೆ ಮಾಡಲು ಏನೂ ಉಳಿಯದು. 1983ರಿಂದ ಫಾರ್ಮುಲಾ ಒನ್ ಕಾರಿನ ತಳ ಚಪ್ಪಟೆಯಾಗಿರಬೇಕೆಂದು ವಿಧಿಸಲಾಯಿತು.

ಬೆಟ್ಟವನ್ನು ಬದಲಾಯಿಸಲಾಗದು

ರ‍್ಯಾಲಿಗೆ ಇಂಥ ಅನುಕೂಲವಿಲ್ಲ. ಬೆಟ್ಟದ ರಸ್ತೆಯ ಒಂದು ಬದಿ ಬಂಡೆ, ಇನ್ನೊಂದು ಬದಿ ಕಂದಕ. ನೂರಾರು ಕಿ.ಮೀ. ಉದ್ದಕ್ಕೂ ತಡೆಗೋಡೆ ಕಟ್ಟಲಾಗದು. ಬಹುಕಾಲ ರ‍್ಯಾಲಿಯನ್ನು ಕಾಪಾಡಿದ್ದು ರಸ್ತೆಯ ಜಾರುವಿಕೆಯೇ ಎನ್ನಬಹುದು. ಒಂದು ಲೆಕ್ಕ ನೋಡೋಣ.

1000 ಕಿ.ಗ್ರಾಂ ಕಾರು ಜಲ್ಲಿ ರಸ್ತೆಯಲ್ಲಿದೆ, ಘರ್ಷಣಾಂಕ 0.5 ಎಂದಿಟ್ಟುಕೊಳ್ಳಿ. ಎಂಜಿನ್ ಎರಡು ಚಕ್ರಗಳನ್ನು ಮಾತ್ರ ತಿರುಗಿಸುತ್ತಿದ್ದು, ಅವುಗಳ ಮೇಲೆ ಅರ್ಧ ತೂಕವಿದ್ದರೆ, ಅವು ಜಾರದೆ ಕೊಡಬಲ್ಲ ಗರಿಷ್ಠ ಬಲ 0.5 × 500 × 9.8 = 2450 ನ್ಯೂಟನ್. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಇದಕ್ಕೆ ಬೇಕಾದ ಸಾಮರ್ಥ್ಯ 2450 × 20 = 49 ಕಿಲೋವಾಟ್, ಅಂದರೆ ಸುಮಾರು 67 ಅಶ್ವಸಾಮರ್ಥ್ಯ. ಅದಕ್ಕಿಂತ ಹೆಚ್ಚು ಕೊಟ್ಟರೆ ಚಕ್ರಗಳು ಜಲ್ಲಿಯನ್ನು ಹಿಂದಕ್ಕೆ ಎರಚುತ್ತವೆ, ಅಷ್ಟೆ. ನಾಲ್ಕೂ ಚಕ್ರಗಳನ್ನು ತಿರುಗಿಸಿದರೆ ಈ ಮಿತಿ ಎರಡು ಪಟ್ಟಾಗುತ್ತದೆ.

1981ರಲ್ಲಿ ಆಡಿ ಸಂಸ್ಥೆಯ ಕ್ವಾಟ್ರೊ ಕಾರು ವಿಶ್ವ ರ‍್ಯಾಲಿಗಳಿಗೆ ತಂದದ್ದು ಇದನ್ನೇ: ಟರ್ಬೊ ಎಂಜಿನ್ ಮತ್ತು ನಾಲ್ಕೂ ಚಕ್ರಗಳಿಗೆ ಚಾಲನೆ. ಅದೇ ವರ್ಷ ಇಟಲಿಯ ಸ್ಯಾನ್ ರೆಮೊ ರ‍್ಯಾಲಿಯನ್ನು ಇದರಲ್ಲಿ ಗೆದ್ದ ಮಿಷೆಲ್ ಮೂಟನ್, ವಿಶ್ವ ರ‍್ಯಾಲಿ ಗೆದ್ದ ಮೊದಲ ಮಹಿಳೆಯಾದರು. ನಿಸರ್ಗದತ್ತ ಕಡಿವಾಣವೊಂದು ಕಳಚಿತ್ತು.

1982ರಲ್ಲಿ ‘ಗ್ರೂಪ್ ಬಿ’ ಎಂಬ ದರ್ಜೆ ಜಾರಿಗೆ ಬಂತು. ಕೇವಲ 200 ಕಾರುಗಳನ್ನು ತಯಾರಿಸಿದರೆ ಅನುಮತಿ ಸಿಗುತ್ತಿತ್ತು. ಎಂಜಿನ್ ಗಾತ್ರಕ್ಕೆ ತಕ್ಕಂತೆ ಕನಿಷ್ಠ ತೂಕ ನಿಗದಿಯಾಗಿತ್ತು. ಟರ್ಬೊ ಇದ್ದರೆ ಗಾತ್ರವನ್ನು 1.4ರಿಂದ ಗುಣಿಸಿ ಲೆಕ್ಕ ಹಿಡಿಯುತ್ತಿದ್ದರು. ಆದರೆ ಟರ್ಬೊ ಗಾಳಿಯನ್ನು ಎಷ್ಟು ಒತ್ತಡದಲ್ಲಿ ತುಂಬಬಹುದು ಎಂಬುದಕ್ಕೆ ಮಿತಿಯಿರಲಿಲ್ಲ! ಲ್ಯಾನ್ಸಿಯ ಡೆಲ್ಟಾ ಎಸ್4 ಕಾರಿನ ಎಂಜಿನ್ 1759 ಘನ ಸೆಂ.ಮೀ. ಇದನ್ನು 1.4ರಿಂದ ಗುಣಿಸಿದರೆ 2463. ಅಂದರೆ 2500ರ ಒಳಗಿನ ದರ್ಜೆ, ಕನಿಷ್ಠ ತೂಕ 890 ಕಿ.ಗ್ರಾಂ. ಆದರೆ ಆ ಪುಟ್ಟ ಎಂಜಿನ್ ಕೊಡುತ್ತಿದ್ದುದು 450ಕ್ಕೂ ಹೆಚ್ಚು ಅಶ್ವಸಾಮರ್ಥ್ಯ. 1934ರ ಕಥೆ ಮರುಕಳಿಸಿತ್ತು.

1986ರ ಮಾರ್ಚ್‌ನಲ್ಲಿ ಪೋರ್ಚುಗಲ್ ರ‍್ಯಾಲಿಯಲ್ಲಿ ಕಾರೊಂದು ಪ್ರೇಕ್ಷಕರ ಮೇಲೆ ನುಗ್ಗಿ ಸಾವುಗಳಾದವು. ಮೇ 2ರಂದು ಕಾರ್ಸಿಕ ದ್ವೀಪದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಅವರ ಡೆಲ್ಟಾ ಎಸ್4 ಕಂದಕಕ್ಕೆ ಉರುಳಿ ಬೆಂಕಿಗಾಹುತಿಯಾಯಿತು, ಇಬ್ಬರೂ ಸತ್ತರು. 1987ರಿಂದ ವಿಶ್ವ ರ‍್ಯಾಲಿಗಳಲ್ಲಿ ಗ್ರೂಪ್ ಬಿ ಕಾರುಗಳನ್ನು ನಿಷೇಧಿಸಲಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಇದೇ ಕಾರುಗಳು 1992ರವರೆಗೆ ಯುರೋಪಿಯನ್ ರ‍್ಯಾಲಿಕ್ರಾಸ್ ಚಾಂಪಿಯನ್‌ಷಿಪ್‌ನಲ್ಲಿ ಓಡಿದವು. ರ‍್ಯಾಲಿಕ್ರಾಸ್ ನಡೆಯುವುದು ಚಿಕ್ಕ ಸರ್ಕ್ಯೂಟಿನಲ್ಲಿ, ಪ್ರೇಕ್ಷಕರು ನಿಂತಿರುವುದು ತಡೆಗೋಡೆಯ ಆಚೆ. ಅಂದರೆ ಅಪಾಯ ಕಾರಿನಲ್ಲಿ ಮಾತ್ರವಲ್ಲ, ಕಾರು ಮತ್ತು ರಸ್ತೆಯ ಜೋಡಣೆಯಲ್ಲಿದೆ.

ಗಾಳಿಗೆ ಅಣೆಕಟ್ಟು

ಬೆಟ್ಟವನ್ನು ಬದಲಾಯಿಸಲಾಗದಿದ್ದರೆ ಎಂಜಿನ್ನನ್ನೇ ಕಟ್ಟಿಹಾಕಬೇಕು. ಅದಕ್ಕೆ ದೊರೆತ ಉಪಾಯ ಬಲು ಸರಳ: ಗಾಳಿ ಒಳಹೋಗುವ ದಾರಿಯಲ್ಲಿ, ಟರ್ಬೊಗಿಂತ ಮೊದಲು, ನಿಗದಿತ ವ್ಯಾಸದ ಒಂದು ಕುತ್ತಿಗೆ. 1995ರಲ್ಲಿ ವಿಶ್ವ ರ‍್ಯಾಲಿಗಳಲ್ಲಿ ಇದರ ವ್ಯಾಸ 34 ಮಿ.ಮೀ. ಇತ್ತು.

ಟರ್ಬೊ ಇನ್ನಷ್ಟು ಬಲವಾಗಿ ಎಳೆದರೆ ಹೆಚ್ಚು ಗಾಳಿ ಬರುವುದಿಲ್ಲವೆ? ಒಂದು ಹಂತದವರೆಗೆ ಮಾತ್ರ. ಕುತ್ತಿಗೆಯಲ್ಲಿ ಗಾಳಿಯ ವೇಗ ಶಬ್ದದ ವೇಗವನ್ನು ಮುಟ್ಟಿದೊಡನೆ ಹರಿವು ಗರಿಷ್ಠ ಮಟ್ಟ ತಲಪುತ್ತದೆ. ಒತ್ತಡದ ಬದಲಾವಣೆ ಗಾಳಿಯಲ್ಲಿ ಸಾಗುವುದು ಶಬ್ದದ ವೇಗದಲ್ಲೇ. ಹರಿವೂ ಅಷ್ಟೇ ವೇಗದಲ್ಲಿದ್ದರೆ, ಹೊಳೆಯ ಸೆಳೆತದ ಎದುರು ಈಜಲಾರದ ಮೀನಿನಂತೆ, ಟರ್ಬೊ ಎಳೆತದ ‘ಸುದ್ದಿ’ ಕುತ್ತಿಗೆಯನ್ನು ದಾಟಿ ಹಿಂದಕ್ಕೆ ಹೋಗಲಾರದು.

ಈಗ ಲೆಕ್ಕ ಮಾಡೋಣ. 34 ಮಿ.ಮೀ. ವ್ಯಾಸದ ಕುತ್ತಿಗೆಯ ವಿಸ್ತೀರ್ಣ ಸುಮಾರು 9.1 ಚದರ ಸೆಂ.ಮೀ. ಅಲ್ಲಿ ಗಾಳಿಯ ವೇಗ ಸೆಕೆಂಡಿಗೆ ಸುಮಾರು 310 ಮೀಟರ್, ಸಾಂದ್ರತೆ ಘನ ಮೀಟರಿಗೆ ಸುಮಾರು 0.78 ಕಿ.ಗ್ರಾಂ. ಮೂರನ್ನೂ ಗುಣಿಸಿದರೆ ಸೆಕೆಂಡಿಗೆ ಸುಮಾರು 0.22 ಕಿ.ಗ್ರಾಂ ಗಾಳಿ. 14.7 ಭಾಗ ಗಾಳಿಗೆ 1 ಭಾಗ ಪೆಟ್ರೋಲ್ ಎಂದರೆ, ಪೂರ್ತಿಯಾಗಿ ಉರಿಯಬಲ್ಲದ್ದು ಸೆಕೆಂಡಿಗೆ 15 ಗ್ರಾಂ ಪೆಟ್ರೋಲ್. ಗ್ರಾಮಿಗೆ 44 ಕಿಲೋಜೂಲ್‌ನಂತೆ ಸುಮಾರು 660 ಕಿಲೋವಾಟ್ ಉಷ್ಣ. ಅದರ ಮೂರನೆಯ ಒಂದು ಭಾಗ ಚಕ್ರಗಳಿಗೆ ದೊರೆತರೆ 220 ಕಿಲೋವಾಟ್, ಅಂದರೆ ಸುಮಾರು 300 ಅಶ್ವಸಾಮರ್ಥ್ಯ. ಟರ್ಬೊ ಎಷ್ಟೇ ದೊಡ್ಡದಿರಲಿ, ಗಾಳಿ ಇಷ್ಟೇ!

ಈ ಕುತ್ತಿಗೆ ಎಷ್ಟು ನಿರ್ಣಾಯಕವೆಂಬುದಕ್ಕೆ ಅದೇ ವರ್ಷದ ಒಂದು ಪ್ರಕರಣ ಸಾಕ್ಷಿ. 1995ರ ಕ್ಯಾಟಲೋನಿಯ ರ‍್ಯಾಲಿಯಲ್ಲಿ ಟೊಯೋಟ ತಂಡದ ಕಾರುಗಳಲ್ಲಿ, ಕುತ್ತಿಗೆಯನ್ನು ಬಳಸಿ ಗಾಳಿ ಒಳನುಸುಳುವ ಗುಪ್ತ ವ್ಯವಸ್ಥೆ ಪತ್ತೆಯಾಯಿತು. ತಂಡವನ್ನು 12 ತಿಂಗಳು ಚಾಂಪಿಯನ್‌ಷಿಪ್‌ನಿಂದ ಹೊರಗಿಡಲಾಯಿತು. 2013ರಲ್ಲಿ ಬಂದು ಯುರೋಪಿಯನ್ ರ‍್ಯಾಲಿಗಳಲ್ಲಿ ಬಳಕೆಯಾದ ಆರ್5 ದರ್ಜೆಯ ಕಾರುಗಳಿಗೂ 32 ಮಿ.ಮೀ. ಕುತ್ತಿಗೆಯನ್ನೇ ವಿಧಿಸಲಾಯಿತು. ವ್ಯಾಸದಲ್ಲಿ 2 ಮಿ.ಮೀ. ಇಳಿಕೆಯಿಂದ ಗರಿಷ್ಠ ಗಾಳಿ ಎಷ್ಟು ಕಡಿಮೆಯಾಗುತ್ತದೆಂದು ವಿದ್ಯಾರ್ಥಿಗಳು ಕಂಡುಹಿಡಿಯಬಹುದು. ಉತ್ತರ: ಶೇ. 11.

ಇಂಧನಕ್ಕೆ ಮಿತಿ

ಸರ್ಕ್ಯೂಟ್ ಪಂದ್ಯಗಳೂ ಕೊನೆಗೆ ಇದೇ ದಾರಿ ಹಿಡಿದವು. 2014ರಿಂದ 2025ರವರೆಗೆ ಫಾರ್ಮುಲಾ ಒನ್ ಎಂಜಿನ್ನಿಗೆ ಗಂಟೆಗೆ 100 ಕಿ.ಗ್ರಾಂಗಿಂತ ಹೆಚ್ಚು ಇಂಧನ ಹರಿಯುವಂತಿರಲಿಲ್ಲ. ಇದು ಸುಮಾರು 1220 ಕಿಲೋವಾಟ್ ಉಷ್ಣಕ್ಕೆ ಸಮ. ಒಳಬರುವ ಶಕ್ತಿಯೇ ನಿಗದಿಯಾದಾಗ ಗೆಲ್ಲಲು ಉಳಿಯುವ ಮುಖ್ಯ ದಾರಿ ಒಂದೇ: ಪೋಲಾಗುವ ಶಾಖವನ್ನು ತಗ್ಗಿಸುವುದು. ನಿಷ್ಕಾಸ ಅನಿಲದ ಶಕ್ತಿಯನ್ನೂ ವಿದ್ಯುತ್ತಾಗಿ ಪರಿವರ್ತಿಸಲಾಯಿತು. ತನ್ನ ಪಂದ್ಯದ ಎಂಜಿನ್ ಪರೀಕ್ಷಾಗಾರದಲ್ಲಿ ಶೇ. 50ಕ್ಕಿಂತ ಹೆಚ್ಚಿನ ಉಷ್ಣದಕ್ಷತೆ ಮುಟ್ಟಿದೆಯೆಂದು 2017ರಲ್ಲಿ ಮರ್ಸಿಡಿಸ್ ಪ್ರಕಟಿಸಿತು.

ಎಂಜಿನಿಯರುಗಳ ಜಾಣ್ಮೆ 1934ರಲ್ಲೂ ಇತ್ತು, 1986ರಲ್ಲೂ ಇತ್ತು, 2014ರಲ್ಲೂ ಇತ್ತು. ಬದಲಾದದ್ದು ನಿಯಮ ಹಿಡಿದ ಪರಿಮಾಣ. ತೂಕಕ್ಕೋ ಗಾತ್ರಕ್ಕೋ ಮಿತಿ ಹಾಕಿದಾಗ ಜಾಣ್ಮೆ ಇನ್ನಷ್ಟು ಶಕ್ತಿಯ ಕಡೆಗೆ, ಅಪಾಯದ ಕಡೆಗೆ ಹರಿಯಿತು. ಶಕ್ತಿಯ ಒಳಹರಿವಿಗೇ ಮಿತಿ ಹಾಕಿದಾಗ ಅದು ದಕ್ಷತೆಯ ಕಡೆಗೆ ತಿರುಗಿತು. ಕಾರ್ಖಾನೆಯ ಹೊಗೆಗಾಗಲಿ, ವಾಹನದ ಮಾಲಿನ್ಯಕ್ಕಾಗಲಿ, ವಿದ್ಯುತ್ ಬಳಕೆಗಾಗಲಿ ನಿಯಮ ಮಾಡುವಾಗಲೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ನಾವು ಅಳೆಯುತ್ತಿರುವುದು ಅಪಾಯದ ನಿಜವಾದ ಮೂಲವನ್ನೋ ಅಥವಾ ಅಳೆಯಲು ಸುಲಭವಾದ ಇನ್ನಾವುದನ್ನೋ?