ಹಳೆಯ ಟ್ರಾಕ್ಟರಿನ ತೇಪೆಗಳು: ಉಳಿಸುವುದೇ, ತೆಗೆಯುವುದೇ?

ಬಿತ್ತನೆಯ ಹದ ಯಾರಿಗಾಗಿಯೂ ಕಾಯುವುದಿಲ್ಲ. ಹೊಲದ ನಡುವೆ ಯಂತ್ರದ ಭಾಗವೊಂದು ಮುರಿದರೆ ಪಟ್ಟಣದಿಂದ ಬಿಡಿಭಾಗ ಬರುವವರೆಗೆ ಒಕ್ಕಲಿಗನು ಕೈಕಟ್ಟಿ ಕುಳಿತಿರಲಾರನು. ಆದುದರಿಂದಲೇ ಮುರಿದ ಕೀಲಿನ ಸ್ಥಾನಕ್ಕೆ ಮೊಳೆ, ಬಿರಿದ ಎರಕಕ್ಕೆ ಹಿತ್ತಾಳೆಯ ಬೆಸುಗೆ, ಸುಟ್ಟ ಫ್ಯೂಸಿಗೆ ಬದಲಾಗಿ ತಾಮ್ರದ ತಂತಿ ಬರುತ್ತವೆ. ಇಂದಿನ ಮಟ್ಟಿಗೆಂದು ಹಾಕಿದ ಇಂಥ ತೇಪೆಗಳು ಎಷ್ಟೋ ವೇಳೆ ಯಂತ್ರದ ಆಯುಷ್ಯದುದ್ದಕ್ಕೂ ಉಳಿದುಬಿಡುತ್ತವೆ. ಮುಂದೆ ಆ ಯಂತ್ರವು ಮುದಿಯಾಗಿ, ಅದನ್ನು ಅಕ್ಕರೆಯಿಂದ ಕಾಪಾಡಬಯಸುವವನ ಕೈಗೆ ಬಂದಾಗ ಪ್ರಶ್ನೆಯೊಂದು ಏಳುತ್ತದೆ: ಈ ತೇಪೆಗಳನ್ನು ಕಿತ್ತು ಹೊಸ ಭಾಗಗಳನ್ನು ಹಾಕಬೇಕೇ? ಅಥವಾ ಇಷ್ಟು ಕಾಲ ನಡೆದದ್ದು ಮುಂದೆಯೂ ನಡೆದೀತೆಂದು ಬಿಡಬೇಕೇ? ಮೇಲುನೋಟಕ್ಕೆ ಇದು ರುಚಿಯ ಪ್ರಶ್ನೆಯಂತೆ ಕಂಡರೂ ಇದರ ಬಹುಭಾಗಕ್ಕೆ ಭೌತಶಾಸ್ತ್ರವೇ ಉತ್ತರ ಕೊಡಬಲ್ಲುದು.

ಉದಾಹರಣೆಗಾಗಿ ಫರ್ಗುಸನ್ ಟಿಇ ೨೦ ಎಂಬ ಟ್ರಾಕ್ಟರನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ೧೯೪೬ರಿಂದ ೧೯೫೬ರವರೆಗೆ ಇದು ಐದು ಲಕ್ಷಕ್ಕೂ ಮಿಕ್ಕಿ ತಯಾರಾಯಿತು. ಬೂದು ಬಣ್ಣದ ಈ ಪುಟ್ಟ ಯಂತ್ರದ ತೂಕ ಸುಮಾರು ೧೧೦೦ ಕಿಲೋಗ್ರಾಂ. ನೇಗಿಲನ್ನು ಮೂರು ಕೊಂಡಿಗಳಿಂದ ಹಿಡಿದು ತೈಲದೊತ್ತಡದಿಂದ ಎತ್ತಿಳಿಸುವ ಹ್ಯಾರಿ ಫರ್ಗುಸನ್ನನ ಏರ್ಪಾಡು ಇದರ ವೈಶಿಷ್ಟ್ಯ. ಇಂದು ನಮ್ಮ ಹೊಲಗಳಲ್ಲಿ ಓಡಾಡುವ ಟ್ರಾಕ್ಟರುಗಳಲ್ಲಿಯೂ ಮೂರು ಕೊಂಡಿಗಳ ಅದೇ ತತ್ತ್ವವಿದೆ. ಇದಕ್ಕೆ ಪ್ರತ್ಯೇಕವಾದ ಚೌಕಟ್ಟಿಲ್ಲ. ಎಂಜಿನ್, ಗೇರುಪೆಟ್ಟಿಗೆ, ಹಿಂದಿನ ಅಚ್ಚಿನ ಕವಚ, ಈ ಮೂರು ಎರಕಗಳು ಒಂದಕ್ಕೊಂದು ಬಿಗಿದುಕೊಂಡು ತಾವೇ ಯಂತ್ರದ ಬೆನ್ನುಮೂಳೆಯಾಗಿವೆ. ಆದುದರಿಂದ ಇಲ್ಲಿ ಬಿರುಕು ಎಲ್ಲಿದೆ ಎಂಬುದು ಬಹು ಮುಖ್ಯ.

ಕಾಲದ ಸಾಕ್ಷ್ಯ

"ಐವತ್ತು ವರ್ಷ ನಡೆದಿದೆ, ಇನ್ನೇನಾದೀತು?" ಎಂಬುದು ತೇಪೆಯ ಪರವಾದ ಮೊದಲನೆಯ ವಾದ. ಈ ವಾದವು ಪೂರ್ಣ ಸುಳ್ಳಲ್ಲ, ಪೂರ್ಣ ಸತ್ಯವೂ ಅಲ್ಲ. ಸ್ಥಿರವಾದ ಭಾರವನ್ನು ಹೊತ್ತ ಭಾಗಕ್ಕೆ ಕಾಲವೇ ಪರೀಕ್ಷಕ. ಆಸನದ ಕೆಳಗಿನ ಪಟ್ಟಿಯೊಂದು ದಪ್ಪ ಮನುಷ್ಯನನ್ನು ವರ್ಷಗಟ್ಟಲೆ ಹೊತ್ತಿದ್ದರೆ, ತುಕ್ಕು ಹಿಡಿಯದಿರುವವರೆಗೆ ನಾಳೆಯೂ ಹೊರುತ್ತದೆ. ಆದರೆ ಬಾಗಿ, ಮರಳಿ, ಮತ್ತೆ ಬಾಗುವ ಭಾಗದ ವಿಚಾರ ಬೇರೆ. ಒಂದೇ ಸಲಕ್ಕೆ ಮುರಿಯಲು ಸಾಲದಷ್ಟು ಬಲವೂ ಲಕ್ಷಾಂತರ ಸಲ ಮರುಕಳಿಸಿದರೆ ಲೋಹವನ್ನು ಮುರಿಯುತ್ತದೆ. ಇದನ್ನು ಲೋಹದ ದಣಿವು ಎನ್ನುತ್ತೇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವೋಲರನು ರೈಲುಗಾಡಿಯ ಅಚ್ಚುಗಳನ್ನು ಪರೀಕ್ಷಿಸಿ ಇದರ ನಿಯಮಗಳನ್ನು ತಿಳಿಸಿದನು.

ಉಕ್ಕಿಗೆ ಒಂದು ಸುದೈವವುಂಟು. ಪೀಡನವು ಒಂದು ಮಿತಿಯೊಳಗಿದ್ದು ಸುಮಾರು ಒಂದು ಕೋಟಿ ಆವರ್ತಗಳನ್ನು ತಡೆದುಕೊಂಡ ನಯವಾದ ಉಕ್ಕು ಸಾಮಾನ್ಯವಾಗಿ ಮುಂದೆಯೂ ತಡೆಯುತ್ತದೆ. ಟಿಇ ೨೦ರ ಹಿಂದಿನ ಗಾಲಿಯ ಸುತ್ತಳತೆ ನಾಲ್ಕು ಮೀಟರಿಗೆ ತುಸು ಕಡಿಮೆ. ಗಂಟೆಗೆ ೫ ಕಿಲೋಮೀಟರ್ ವೇಗದಲ್ಲಿ ಉಳುವಾಗ ಅಚ್ಚು ಗಂಟೆಗೆ ಸುಮಾರು ೧೩೦೦ ಸುತ್ತು ತಿರುಗುತ್ತದೆ. ಒಂದು ಕೋಟಿ ಸುತ್ತಿಗೆ ಏಳೂವರೆ ಸಾವಿರ ಗಂಟೆಗಳಿಗೂ ಮೇಲೆ ಬೇಕು. ಆದರೆ ಒರಟಾದ ಬೆಸುಗೆಯಾಗಲಿ ತುಕ್ಕಿನ ಗುಳಿಯಾಗಲಿ ಅಚ್ಚಿನ ಮೇಲಿದ್ದರೆ ಈ ಮಿತಿಯ ಆಶ್ರಯ ತಪ್ಪಿಹೋಗುತ್ತದೆ. ಅಂಥ ಕಡೆ ಕಳೆದ ಪ್ರತಿಯೊಂದು ವರ್ಷವೂ ಭರವಸೆಯನ್ನು ಹೆಚ್ಚಿಸುವುದಿಲ್ಲ. ಉಳಿದ ಆಯುಷ್ಯದಿಂದ ಒಂದು ಪಾಲನ್ನು ಕಳೆಯುತ್ತದೆ.

ಎರಕದ ಗಾಯ

ಚಳಿನಾಡುಗಳಲ್ಲಿ ಇಂಥ ಎಂಜಿನ್ನುಗಳಿಗೆ ಬಂದೊದಗುವ ಗಾಯವೆಂದರೆ ಹಿಮದ ಬಿರುಕು. ನೀರು ಗಡ್ಡೆಕಟ್ಟುವಾಗ ಗಾತ್ರದಲ್ಲಿ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ರಾತ್ರಿ ನೀರನ್ನು ಹೊರಬಿಡಲು ಮರೆತರೆ ಬೆಳಗಾಗುವಷ್ಟರಲ್ಲಿ ಎಂಜಿನ್ನಿನ ನೀರಿನ ಕವಚ ಬಿರಿದಿರುತ್ತದೆ. ಎರಕದ ಕಬ್ಬಿಣವು ಒತ್ತುವ ಬಲವನ್ನು ಚೆನ್ನಾಗಿ ತಾಳಿಕೊಂಡರೂ ಎಳೆಯುವ ಬಲಕ್ಕೆ ದುರ್ಬಲ. ಅದರೊಳಗೆ ಹರಡಿರುವ ಗ್ರಾಫೈಟಿನ ಹಾಳೆಗಳು ಹುಟ್ಟುಬಿರುಕುಗಳಂತೆ ವರ್ತಿಸುವುದೇ ಇದಕ್ಕೆ ಕಾರಣ.

ಬಿರುಕು ಏಕೆ ಬೆಳೆಯುತ್ತದೆ? ತಟ್ಟೆಯಲ್ಲಿರುವ ರಂಧ್ರದ ಅಂಚಿನಲ್ಲಿ ಪೀಡನ ಎಷ್ಟು ಪಟ್ಟು ಹೆಚ್ಚುವುದೆಂದು ಇಂಗ್ಲಿಸನು ೧೯೧೩ರಲ್ಲಿ ಲೆಕ್ಕಹಾಕಿದನು. ಬಿರುಕಿನ ಅರ್ಧ ಉದ್ದವನ್ನು ತುದಿಯ ತ್ರಿಜ್ಯದಿಂದ ಭಾಗಿಸಿ, ಅದರ ವರ್ಗಮೂಲವನ್ನು ಇಮ್ಮಡಿಸಿ ಒಂದನ್ನು ಕೂಡಬೇಕು. ೧೮ ಮಿಲಿಮೀಟರ್ ಉದ್ದದ ಬಿರುಕಿನ ತುದಿಯ ತ್ರಿಜ್ಯ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲೆಂದು ಭಾವಿಸಿದರೆ ಉತ್ತರ ೬೧! ಈಗ ಎರಡು ತುದಿಗಳನ್ನೂ ಕೇಂದ್ರವಾಗಿಟ್ಟು ೬ ಮಿಲಿಮೀಟರ್ ಅಗಲದ ರಂಧ್ರಗಳನ್ನು ಕೊರೆಯೋಣ. ಅರ್ಧ ಉದ್ದ ೧೨, ತ್ರಿಜ್ಯ ೩. ಉತ್ತರ ೫ ಮಾತ್ರ. ಬಿರುಕು ಉದ್ದವಾದರೂ ಅಪಾಯ ತಗ್ಗಿತು. ಕುಲುಮೆಯವನು ಅನುಭವದಿಂದ ಕೊರೆದ ಈ ರಂಧ್ರವನ್ನು ಕಂಡು ಯಾರೂ ನಗಬೇಕಾಗಿಲ್ಲ.

ನೀರಿನ ಕವಚದ ಹೊರಗೋಡೆಯ ಮೇಲೆ ಹಿತ್ತಾಳೆಯ ಬೆಸುಗೆಯಿದ್ದು, ನೀರು ಒಸರದಿದ್ದರೆ, ಅದನ್ನು ಮುಟ್ಟದಿರುವುದೇ ಲೇಸು. ಅದನ್ನು ಕರಗಿಸಿ ತೆಗೆಯಲು ಸುಮಾರು ೯೦೦ ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಒಂದು ಕಡೆ ಕಾದು ಹಿಗ್ಗಿ, ಆಮೇಲೆ ಆರಿ ಕುಗ್ಗುವ ಎರಕವು ಪಕ್ಕದಲ್ಲಿಯೇ ಹೊಸದಾಗಿ ಬಿರಿಯಬಹುದು. ವಿದ್ಯುತ್ ಬೆಸುಗೆ ಹಾಕಿದರೆ ಎರಕದಲ್ಲಿ ಹೇರಳವಾಗಿರುವ ಇಂಗಾಲವು ಬೇಗ ತಣಿದು ಗಾಜಿನಂತೆ ಪೆಡಸಾದ ಪದರವನ್ನು ಉಂಟುಮಾಡುತ್ತದೆ. ಚಿಕಿತ್ಸೆಯೇ ರೋಗಕ್ಕಿಂತ ಕೇಡಾಗುವ ಪ್ರಸಂಗವಿದು. ಆದರೆ ಅದೇ ಬಿರುಕು ಗೇರುಪೆಟ್ಟಿಗೆ ಮತ್ತು ಎಂಜಿನ್ನುಗಳು ಕೂಡುವ ಅಂಚಿನಲ್ಲಿದ್ದರೆ? ಅಲ್ಲಿ ಯಂತ್ರದ ಬೆನ್ನಿನ ಬಾಗುವಿಕೆಯೆಲ್ಲ ಹಾದುಹೋಗುತ್ತದೆ. ಅಲ್ಲಿನ ತೇಪೆಯನ್ನು ನಂಬಲಾಗದು, ಎರಕವನ್ನೇ ಬದಲಿಸಬೇಕು.

ಬಲವೇ ದೋಷವಾದಾಗ

ಕೆಲವು ಭಾಗಗಳು ಮುರಿಯುವುದಕ್ಕಾಗಿಯೇ ಹುಟ್ಟಿವೆ. ಹುಲ್ಲು ಕೊಚ್ಚುವ ಯಂತ್ರಕ್ಕೆ ಕಲ್ಲು ಸಿಕ್ಕಿದಾಗ ಕತ್ತರಿಸಿಹೋಗುವ ಸಣ್ಣ ಕೀಲು ಬೆಲೆಬಾಳುವ ಗೇರುಗಳನ್ನು ಕಾಯುತ್ತದೆ. ೬ ಮಿಲಿಮೀಟರಿನ ಮೆದು ಕೀಲಿನ ಸ್ಥಳದಲ್ಲಿ ೮ ಮಿಲಿಮೀಟರಿನ ಬೋಲ್ಟನ್ನು ಹಾಕಿದರೆ ವಿಸ್ತೀರ್ಣ ಸುಮಾರು ೧.೮ ಪಟ್ಟಾಗುತ್ತದೆ, ಅದರ ಉಕ್ಕು ಇಮ್ಮಡಿ ಗಟ್ಟಿಯಾಗಿದ್ದರೆ ಬಲ ಮೂರೂವರೆ ಪಟ್ಟು. ಇನ್ನು ಮುರಿಯುವುದು ಕೀಲಲ್ಲ, ಗೇರು. ಫ್ಯೂಸಿನ ಬದಲು ಹಾಕಿದ ತಾಮ್ರದ ತಂತಿಯ ಕಥೆಯೂ ಇದೇ. ತಂತಿಯಲ್ಲಿ ಹುಟ್ಟುವ ಶಾಖವು ವಿದ್ಯುತ್ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ, ಪ್ರವಾಹ ಮೂರು ಪಟ್ಟಾದರೆ ಶಾಖ ಒಂಬತ್ತು ಪಟ್ಟು. ಫ್ಯೂಸು ಕರಗದಿದ್ದರೆ ಹೊದಿಕೆ ಉರಿಯುತ್ತದೆ, ಹತ್ತಿರದಲ್ಲಿಯೇ ಇಂಧನದ ತೊಟ್ಟಿಯಿದೆ. ಈ ಬಗೆಯ ತೇಪೆಗಳು ಎಷ್ಟು ಕಾಲ ನಡೆದಿದ್ದರೂ ತಡಮಾಡದೆ ತೆಗೆಯತಕ್ಕವು.

ಕೊಂಡಿಯ ಎತ್ತರ

ಎಲ್ಲಕ್ಕಿಂತಲೂ ಭಯಂಕರವಾದುದು, ಮರದ ಬೊಡ್ಡೆಯನ್ನೆಳೆಯಲೆಂದು ಯಾರೋ ಎತ್ತರದಲ್ಲಿ ಬೆಸೆದ ಕೊಂಡಿ. ಗುರುತ್ವಕೇಂದ್ರವು ಹಿಂದಿನ ಅಚ್ಚಿನಿಂದ ೦.೭ ಮೀಟರ್ ಮುಂದಿದೆಯೆಂದು ಇಟ್ಟುಕೊಳ್ಳೋಣ. ಹಿಂದಿನ ಗಾಲಿ ನೆಲ ಮುಟ್ಟುವ ಬಿಂದುವಿನ ಸುತ್ತ ಮುಂಭಾಗವನ್ನು ಕೆಳಗೊತ್ತುವ ಭ್ರಾಮಕ ೭೭೦ ಕಿಲೋಗ್ರಾಂಭಾರ-ಮೀಟರ್. ೬೦೦ ಕಿಲೋಗ್ರಾಂಭಾರದ ಎಳೆತವು ೦.೪ ಮೀಟರ್ ಎತ್ತರದಲ್ಲಿದ್ದರೆ ೨೪೦ ಕಳೆಯುತ್ತದೆ. ಗಾಲಿಗಳ ಅಂತರ ೧.೭೮ ಮೀಟರಾದುದರಿಂದ ಮುಂದಿನ ಗಾಲಿಗಳ ಮೇಲೆ ಸುಮಾರು ೩೦೦ ಕಿಲೋಗ್ರಾಂ ಭಾರ ಉಳಿಯುತ್ತದೆ. ಕೊಂಡಿಯನ್ನು ಒಂದು ಮೀಟರಿಗೇರಿಸಿದರೆ ಉಳಿಯುವುದು ೯೫ ಮಾತ್ರ. ಹತ್ತು ಡಿಗ್ರಿಯ ಏರಿನಲ್ಲಿ ಇದು ಸುಮಾರು ೨೦ ಕಿಲೋಗ್ರಾಮಿಗೆ ಇಳಿಯುತ್ತದೆ! ಮೇಲೊಂದು ಜಗ್ಗು ತಗಲಿದರೆ ಟ್ರಾಕ್ಟರು ಹಿಂಗಾಲ ಮೇಲೆದ್ದ ಕುದುರೆಯಂತೆ ಕ್ಷಣಮಾತ್ರದಲ್ಲಿ ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳುತ್ತದೆ. ಬೆಸುಗೆ ಎಷ್ಟು ಗಟ್ಟಿಯಾಗಿದ್ದರೇನು? ಗಟ್ಟಿಯಾದಷ್ಟೂ ಅಪಾಯವೇ.

ತೇಪೆಯೂ ಚರಿತ್ರೆ

ಹಾಗೆಂದು ಎಲ್ಲವನ್ನೂ ಕಿತ್ತೆಸೆದು ಯಂತ್ರವನ್ನು ಕಾರ್ಖಾನೆಯಿಂದ ಈಗತಾನೆ ಬಂದಂತೆ ಮಾಡುವುದು ವಿವೇಕವಲ್ಲ. ೧೯೫೮ರ ಜನವರಿ ೪ರಂದು ಎಡ್ಮಂಡ್ ಹಿಲರಿಯ ತಂಡವು ದಕ್ಷಿಣ ಧ್ರುವವನ್ನು ಮುಟ್ಟಿದ್ದು ಫರ್ಗುಸನ್ ಟ್ರಾಕ್ಟರುಗಳನ್ನೇರಿ. ಗಾಲಿಗಳಿಗೆ ಸುತ್ತಿದ ಪಟ್ಟಿಗಳು, ಗಾಳಿತಡೆಗೆ ಕಟ್ಟಿದ ಕ್ಯಾನ್ವಾಸ್ ಮರೆ, ಇವನ್ನೆಲ್ಲ ತೆಗೆದುಬಿಟ್ಟರೆ ಉಳಿಯುವುದು ಲಕ್ಷಗಳಲ್ಲೊಂದು ಟ್ರಾಕ್ಟರು, ಧ್ರುವಯಾತ್ರೆಯ ಟ್ರಾಕ್ಟರಲ್ಲ. ಸ್ಮಾರಕಗಳ ರಕ್ಷಣೆಗಾಗಿ ೧೯೬೪ರಲ್ಲಿ ರಚಿತವಾದ ವೆನಿಸ್ ಸನ್ನದು ಕಟ್ಟಡವೊಂದಕ್ಕೆ ಎಲ್ಲ ಕಾಲಗಳೂ ಸಲ್ಲಿಸಿದ ಯೋಗ್ಯವಾದ ಕೊಡುಗೆಗಳನ್ನು ಗೌರವಿಸಬೇಕೆನ್ನುತ್ತದೆ. ಅನಾಮಧೇಯ ಕಮ್ಮಾರನೊಬ್ಬನು ಜಾಣತನದಿಂದ ಹಾಕಿದ ತೇಪೆಗೂ ಈ ಗೌರವ ಸಲ್ಲಬಹುದು.

ಆದುದರಿಂದ ಪ್ರತಿಯೊಂದು ತೇಪೆಯ ಮುಂದೆಯೂ ನಾವು ನಾಲ್ಕು ಪ್ರಶ್ನೆಗಳನ್ನಿಡಬೇಕು. ಇದು ಸೋತರೆ ನಷ್ಟ ಯಾವುದು, ಎಣ್ಣೆಯ ತೊಟ್ಟೇ, ಮನುಷ್ಯನ ಪ್ರಾಣವೇ? ಇದರ ಮೇಲಿನ ಬಲ ಸ್ಥಿರವೋ, ಮರುಕಳಿಸುವುದೋ? ಸೋಲುವ ಮುನ್ನ ಸೂಚನೆ ಕೊಡುವುದೋ, ಥಟ್ಟನೆ ಮುರಿಯುವುದೋ? ಇದನ್ನು ತೆಗೆಯುವುದರಿಂದಲೇ ಹೊಸ ಹಾನಿಯಾದೀತೇ? ಚುಕ್ಕಾಣಿ, ಬ್ರೇಕು, ಕೊಂಡಿ, ಫ್ಯೂಸು, ಕತ್ತರಿಸುವ ಕೀಲು, ಇವುಗಳಲ್ಲಿ ತೇಪೆಗೆ ಎಡೆಯಿಲ್ಲ. ಉಳಿದ ಕಡೆ ಪರೀಕ್ಷಿಸಿ, ಚಿತ್ರ ತೆಗೆದು, ಬರೆದಿಟ್ಟು, ಹಾಗೆಯೇ ಬಿಡಬಹುದು. ತೆಗೆದುಹಾಕಿದ ಭಾಗವನ್ನೂ ಚೀಟಿ ಕಟ್ಟಿ ಜೋಪಾನ ಮಾಡುವುದು ಒಳ್ಳೆಯದು. ಟಿಇ ೨೦ ಕಾರ್ಖಾನೆಯಿಂದ ಬಂದಾಗ, ಮಗುಚಿದರೆ ಚಾಲಕನನ್ನು ಕಾಯುವ ಕಮಾನು ಅದಕ್ಕಿರಲಿಲ್ಲ. ಇನ್ನೂ ಹೊಲದಲ್ಲಿ ದುಡಿಯುವ ಯಂತ್ರಕ್ಕೆ ತಕ್ಕ ಕಮಾನನ್ನು ಇಂದು ತೊಡಿಸಿದರೆ ಅದರ ಮೂಲರೂಪಕ್ಕೆ ಕೊಂಚ ಭಂಗ ಬಂದೀತು. ಆದರೆ ಯಂತ್ರದ ಚರಿತ್ರೆಯ ಜೊತೆಗೆ ಅದನ್ನು ನಡೆಸುವವನೂ ಉಳಿಯುತ್ತಾನೆ.