‘ಕ್ಲಚ್ ಹೋಯ್ತು, ದುಡ್ಡು ಕಳಿಸು’: ಹಳೇ ಬುಲ್ಡೋಜರಿನ ಕ್ಲಚ್ ಅಡ್ಜಸ್ಟ್‌ಮೆಂಟ್ ಬಗ್ಗೆ ಒಂದಿಷ್ಟು

ಕಾಕ್ಕನಾಡಿನ ಇನ್ಫೋಪಾರ್ಕಲ್ಲಿರೋರು, ಕಳಕ್ಕೂಟ್ಟಂ ಟೆಕ್ನೋಪಾರ್ಕಲ್ಲಿರೋರು, ಎಲ್ಲರಿಗೂ ಸ್ವಾಗತ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಈ ಬರಹ. ಮಾತಲ್ಲಿ ಹೇಳಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಹಾಕಿದ್ದೇನೆ.

ಲ್ಯಾಪ್‌ಟಾಪ್ ಮುಂದೆ ಕೂರೋ ನಮಗೆ ಬುಲ್ಡೋಜರ್ ಯಾಕೆ ಅಂತೀರಾ? ಊರಲ್ಲಿ ಅಣ್ಣನೋ ಸೋದರಮಾವನೋ ಹಳೇ ಡೋಜರ್ ಒಂದನ್ನ ಕೊಂಡು, ಹೊಲ ಸಮ ಮಾಡೋಕೆ, ತೋಟಕ್ಕೆ ದಾರಿ ಕಡಿಯೋಕೆ ಬಾಡಿಗೆಗೆ ಬಿಟ್ಟಿರ್ತಾರೆ. ಒಂದು ದಿನ ಫೋನ್ ಬರುತ್ತೆ: “ಕ್ಲಚ್ ಹೋಯ್ತು ಕಣೋ, ಪ್ಲೇಟ್ ಹಾಕಿಸ್ಬೇಕು, ದುಡ್ಡು ಕಳಿಸು.” ಕಳಿಸೋದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ: ಪ್ಲೇಟ್ ನಿಜವಾಗಿ ಸವೆದು ಮುಗಿದಿದೆಯಾ, ಇಲ್ಲಾ ಅಡ್ಜಸ್ಟ್‌ಮೆಂಟ್ ಮಾತ್ರ ತಪ್ಪಿದೆಯಾ? ಮೊದಲನೆಯದಕ್ಕೆ ಗಾಡಿ ಬಿಚ್ಚಬೇಕು, ವಾರಗಟ್ಟಲೆ ಬಾಡಿಗೆ ಹೋಗುತ್ತೆ. ಎರಡನೆಯದು ಸ್ಪ್ಯಾನರ್ ಹಿಡಿದು ಅರ್ಧ ದಿನದೊಳಗೆ ಮುಗಿಯೋ ಕೆಲಸ.

ಯಾವ ಗಾಡಿ ಅಂತ ಮೊದಲು ಗೊತ್ತಿರಲಿ

ನಮ್ಮ ಕಡೆ ಹಳೇ ಡೋಜರ್ ಅಂದ್ರೆ ಹೆಚ್ಚಾಗಿ ಬೆಮೆಲ್. 1964ರಲ್ಲಿ ಶುರುವಾದ, ಬೆಂಗಳೂರಿನ ಕಂಪನಿ. ಜಪಾನಿನ ಕೊಮಾಟ್ಸು ಜೊತೆ ತಾಂತ್ರಿಕ ಒಪ್ಪಂದ ಮಾಡಿಕೊಂಡು ಕೆಜಿಎಫ್‌ನಲ್ಲಿ ಡೋಜರ್ ಕಟ್ಟಿದರು. ಕೊಚ್ಚಿಯಿಂದ ರಸ್ತೆಯಲ್ಲಿ ಊರಿಗೆ ಹೋಗುವಾಗ ಪಾಲಕ್ಕಾಡ್ ದಾಟಿ ಕಂಜಿಕ್ಕೋಡ್ ಬರುತ್ತಲ್ಲ, ಅಲ್ಲೂ ಬೆಮೆಲ್ ಘಟಕ ಇದೆ.

ಎಲ್ಲಾ ಡೋಜರಿಗೂ ಕೈ ಕ್ಲಚ್ ಇರಲ್ಲ. ಕೊಮಾಟ್ಸು ಸಾಲಿನಲ್ಲಿ ಡಿ80ಎ ನೇರವಾಗಿ ಕ್ಲಚ್ಚಿನಿಂದ ಓಡುತ್ತೆ. ಡಿ85ಎ, ಡಿ155ಎಗೆ ಟಾರ್ಕ್ ಕನ್ವರ್ಟರ್. ಕನ್ವರ್ಟರ್ ಇರೋ ಗಾಡಿಗೆ “ಮೇನ್ ಕ್ಲಚ್ ಟೈಟ್ ಮಾಡಿದೆ” ಅಂತ ಯಾರಾದ್ರೂ ಬಿಲ್ ಕೊಟ್ರೆ ಅನುಮಾನ ಪಡಿ. ಅದಕ್ಕೇ ಫೋನಲ್ಲಿ ಮೊದಲು ಮಾದರಿ ಸಂಖ್ಯೆ ಕೇಳಿ.

ಮೇನ್ ಕ್ಲಚ್: ಟಿಫಿನ್ ಕ್ಯಾರಿಯರ್ ಕೊಂಡಿಯ ಹಾಗೆ

ನಮ್ಮ ಕಾರಿನ ಕ್ಲಚ್ ಸ್ಪ್ರಿಂಗಿನ ಬಲದಿಂದ ಸದಾ ಹಿಡಿದಿರುತ್ತೆ, ಕಾಲಿಟ್ಟರೆ ಬಿಡುತ್ತೆ. ಹಳೇ ಡೋಜರಿನ ಮೇನ್ ಕ್ಲಚ್ ಬೇರೆ ಜಾತಿ. ಆಪರೇಟರ್ ಪಕ್ಕದಲ್ಲಿರೋ ಉದ್ದನೆಯ ಕೈ ಲಿವರ್ ಎಳೆದರೆ ಒಳಗಿನ ಚಿಕ್ಕ ಕೊಂಡಿಗಳು ಪ್ಲೇಟನ್ನ ಒತ್ತುತ್ತಾ ಹೋಗಿ, ನಡುಬಿಂದು ದಾಟಿ ಲಾಕ್ ಆಗ್ತವೆ. ಆಮೇಲೆ ಕೈ ಬಿಟ್ಟರೂ ಕ್ಲಚ್ ಹಿಡಿದೇ ಇರುತ್ತೆ.

ಟಿಫಿನ್ ಕ್ಯಾರಿಯರಿನ ಪಕ್ಕದ ಕೊಂಡಿ ನೆನಪಿಸಿಕೊಳ್ಳಿ. ಬಿಗಿ ಸರಿ ಇದ್ದರೆ ಸ್ವಲ್ಪ ಬಲ ಬೇಕು, ಕೊನೆಗೆ ಟಪ್ ಅಂತ ಕೂರುತ್ತೆ. ಸಡಿಲವಾದರೆ ಸಲೀಸಾಗಿ ಬೀಳುತ್ತೆ, ಸಾಂಬಾರ್ ಚೆಲ್ಲುತ್ತೆ. ಕ್ಲಚ್ಚಿನಲ್ಲೂ ಅಷ್ಟೇ. ಪ್ಲೇಟಿನ ಲೈನಿಂಗ್ ಸವೆದಂತೆ ಒತ್ತಡ ಕಡಿಮೆ ಆಗುತ್ತೆ, ಲಿವರ್ ಹಗುರ ಆಗುತ್ತೆ, ಆ ‘ಟಪ್’ ಮಾಯ ಆಗುತ್ತೆ. ಆಮೇಲೆ ಬ್ಲೇಡಿನ ಮುಂದೆ ಮಣ್ಣು ತುಂಬಿದಾಗ ಇಂಜಿನ್ ಆರಾಮಾಗಿ ಕೂಗ್ತಾ ಇರುತ್ತೆ, ಚೈನ್ ಮಾತ್ರ ನಿಲ್ಲುತ್ತೆ. ಅದೇ ಜಾರೋದು. ಜಾರಿದರೆ ಬಿಸಿ, ಬಿಸಿಯಾದರೆ ಇನ್ನೂ ಸವೆತ, ಸವೆದರೆ ಇನ್ನೂ ಜಾರುವಿಕೆ. ಅಡ್ಜಸ್ಟ್‌ಮೆಂಟಲ್ಲೇ ಮುಗಿಯಬೇಕಾದದ್ದು ಹೀಗೆ ಕೆಲವೇ ದಿನಗಳಲ್ಲಿ ಪ್ಲೇಟಿನ ಖರ್ಚಿಗೆ ಬಂದು ನಿಲ್ಲುತ್ತೆ.

ಸರಿಪಡಿಸೋ ಕ್ರಮ ಹೀಗೆ. ಸಮತಟ್ಟಾದ ಜಾಗ, ಬ್ಲೇಡ್ ನೆಲಕ್ಕೆ, ಬ್ರೇಕ್ ಲಾಕ್, ಗೇರ್ ನ್ಯೂಟ್ರಲ್, ಇಂಜಿನ್ ಆಫ್, ಕ್ಲಚ್ ಬಿಟ್ಟಿರೋ ಸ್ಥಿತಿಯಲ್ಲಿ ಲಿವರ್. ಮೈ ಆರುವವರೆಗೆ ಕಾಯಬೇಕು. ಕ್ಲಚ್ ಹೌಸಿಂಗಿನ ಮೇಲಿನ ಮುಚ್ಚಳ ತೆಗೆದು, ಅಡ್ಜಸ್ಟ್ ಮಾಡೋ ಬಳೆಯ ಲಾಕ್ ಕಣ್ಣಿಗೆ ಬೀಳೋವರೆಗೆ ಅದನ್ನ ತಿರುಗಿಸಬೇಕು. ಲಾಕ್ ಬಿಡಿಸಿ, ಬಳೆಯನ್ನ ಬಿಗಿಯಾಗೋ ಕಡೆ ಸ್ವಲ್ಪ ತಿರುಗಿಸಿ, ಮತ್ತೆ ಲಾಕ್ ಮಾಡಿ, ಲಿವರ್ ಎಳೆದು ನೋಡಬೇಕು. ಒಂದೇ ಸಲ ಜಾಸ್ತಿ ತಿರುಗಿಸಬಾರದು. ಅತಿಯಾಗಿ ಬಿಗಿದರೆ ಕೊಂಡಿಗಳು ನಡುಬಿಂದು ದಾಟಲ್ಲ, ಕ್ಲಚ್ ಲಾಕ್ ಆಗಲ್ಲ, ಕೊಂಡಿ ಮತ್ತು ಬೇರಿಂಗ್ ಹಾಳಾಗ್ತವೆ.

ಎಷ್ಟು ಬಿಗಿ ಸರಿ? ಅಂದಾಜು ಬೇಡ. ಲಿವರಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು, ಎಷ್ಟು ಕಿಲೋ ಬಲಕ್ಕೆ ಲಾಕ್ ಆಗುತ್ತೆ ಅಂತ ನೋಡಿ, ಆ ಮಾದರಿಯ ಮ್ಯಾನುವಲ್ ಜೊತೆ ಹೋಲಿಸಬೇಕು. ಬೂಸ್ಟರ್ ಇರೋ ಮಾದರಿಗಳಲ್ಲಿ ಕೈಗೆ ಸಿಗೋ ಅನುಭವ ಬೇರೆ, ಅಳತೆಯ ಕ್ರಮವೂ ಬೇರೆ.

ಸ್ಟಿಯರಿಂಗ್ ಕ್ಲಚ್: ಇಲ್ಲಿ ಲೆಕ್ಕ ಉಲ್ಟಾ

ಡೋಜರಿಗೆ ಸ್ಟಿಯರಿಂಗ್ ಚಕ್ರ ಇಲ್ಲ. ಹಿಂಭಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು ಕ್ಲಚ್. ಎಡ ಲಿವರ್ ಎಳೆದರೆ ಎಡ ಚೈನಿಗೆ ಶಕ್ತಿ ನಿಲ್ಲುತ್ತೆ, ಗಾಡಿ ಎಡಕ್ಕೆ ತಿರುಗುತ್ತೆ.

ಹಳೇ ಒಣ ಪ್ಲೇಟಿನ ಮಾದರಿಗಳಲ್ಲಿ ಈ ಕ್ಲಚ್ಚುಗಳು ನಮ್ಮ ಕಾರಿನ ಹಾಗೆ ಸ್ಪ್ರಿಂಗಿನಿಂದ ಹಿಡಿದಿರ್ತವೆ. ಲಿವರ್ ಶುರುವಿನಲ್ಲಿ ಸ್ವಲ್ಪ ದೂರ ಸುಮ್ಮನೆ ಆಡಬೇಕು, ಅದೇ ಫ್ರೀ ಪ್ಲೇ. ಪ್ಲೇಟ್ ಸವೆದಂತೆ ಈ ಫ್ರೀ ಪ್ಲೇ ಕಡಿಮೆ ಆಗ್ತಾ ಹೋಗುತ್ತೆ. ಪೂರ್ತಿ ಹೋದರೆ ಯಾರೂ ಲಿವರ್ ಮುಟ್ಟದಿದ್ದರೂ ಕ್ಲಚ್ ಅರ್ಧ ಬಿಟ್ಟ ಹಾಗೇ ಇರುತ್ತೆ. ಇಡಪ್ಪಳ್ಳಿ ಸಿಗ್ನಲಲ್ಲಿ ಕ್ಲಚ್ ಮೇಲೆ ಕಾಲಿಟ್ಟೇ ತೆವಳ್ತೀವಲ್ಲ, ಆ ಸ್ಥಿತಿ ದಿನವಿಡೀ! ಲೋಡ್ ಬಿದ್ದಾಗ ಗಾಡಿ ತಾನಾಗೇ ಒಂದು ಕಡೆ ಎಳೆದರೆ, ಆ ಕಡೆಯ ಕ್ಲಚ್ ಮೇಲೆ ಗಮನ ಹೋಗಲಿ.

ಮುಖ್ಯವಾದ ಮಾತು ಇದು. ಮೇನ್ ಕ್ಲಚ್ ಜಾರಿದರೆ ಬಿಗಿ ಮಾಡಬೇಕು. ಸ್ಟಿಯರಿಂಗ್ ಕ್ಲಚ್ ಜಾರಿದರೆ ಲಿಂಕೇಜನ್ನ ಸಡಿಲ ಮಾಡಿ ಫ್ರೀ ಪ್ಲೇ ವಾಪಸ್ ಕೊಡಬೇಕು. ಎರಡಕ್ಕೂ ಒಂದೇ ಮದ್ದು ಅಂತ “ಜಾರ್ತಾ ಇದೆ, ಟೈಟ್ ಮಾಡು” ಅಂದ್ರೆ ಸ್ಟಿಯರಿಂಗ್ ಕ್ಲಚ್ ಸುಡುತ್ತೆ. ಎಣ್ಣೆಯಲ್ಲಿ ಮುಳುಗಿರೋ, ಹೈಡ್ರಾಲಿಕ್ ಒತ್ತಡದಿಂದ ಓಡೋ ಸ್ಟಿಯರಿಂಗ್ ಕ್ಲಚ್ ಆದರೆ ಲಿಂಕೇಜ್ ಜೊತೆಗೆ ಎಣ್ಣೆ ಮಟ್ಟ, ಒತ್ತಡ ಕೂಡ ನೋಡಬೇಕಾಗುತ್ತೆ.

ಅಡ್ಜಸ್ಟ್‌ಮೆಂಟಿಗೆ ಬಗ್ಗದ ಮೂರು ಕಾಯಿಲೆ

1. ಎಣ್ಣೆ: ಇಂಜಿನ್ ಹಿಂದಿನ ಸೀಲ್ ಸೋರಿ ಒಣ ಪ್ಲೇಟಿಗೆ ಎಣ್ಣೆ ಬಿದ್ದಿದ್ದರೆ ಎಷ್ಟು ಬಿಗಿದರೂ ಜಾರುತ್ತೆ. ಮೊದಲು ಸೀಲ್.
2. ತುಕ್ಕು: ಜೂನಿಂದ ಕೇರಳದಲ್ಲಿ, ಮಲೆನಾಡಲ್ಲಿ ಮಳೆ ಹೇಗೆ ಅಂತ ನಿಮಗೇ ಗೊತ್ತು. ಮಳೆಗಾಲವಿಡೀ ನಿಲ್ಲಿಸಿದ ಗಾಡಿಯಲ್ಲಿ ನೀರು ಸೇರಿ ಒಣ ಸ್ಟಿಯರಿಂಗ್ ಪ್ಲೇಟುಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಳ್ತವೆ. ಲಿವರ್ ಎಳೆದರೂ ಗಾಡಿ ತಿರುಗಲ್ಲ.
3. ಸವೆತ: ಅಡ್ಜಸ್ಟ್ ಮಾಡೋ ಬಳೆ ಕೊನೆಗೆ ಬಂದು ನಿಂತಿದೆ, ಇನ್ನೂ ಜಾರುತ್ತೆ ಅಂದ್ರೆ ಪ್ಲೇಟ್ ಮುಗಿದಿದೆ. ಆಗ ದುಡ್ಡು ಕಳಿಸಿ.

ಇಳಿಜಾರಿನ ಅಪಾಯ

ಖರ್ಚಿಗಿಂತ ದೊಡ್ಡ ವಿಷಯ ಇದು. ಇಳಿಜಾರಿನಲ್ಲಿ ಬ್ಲೇಡಿಗೆ ಲೋಡ್ ಇಲ್ಲದೆ ಇಳಿಯುವಾಗ ಗಾಡಿಯನ್ನ ತಡೆದು ಹಿಡಿದಿರೋದು ಇಂಜಿನ್. ಆಗ ಎಡ ಲಿವರ್ ಮಾತ್ರ ಎಳೆದರೆ ಎಡ ಚೈನ್ ಆ ಹಿಡಿತದಿಂದ ಬಿಡಿಸಿಕೊಂಡು ಜೋರಾಗಿ ಉರುಳುತ್ತೆ, ಗಾಡಿ ಬಲಕ್ಕೆ ತಿರುಗುತ್ತೆ. ಬಯಲಲ್ಲಿ ಪಳಗಿದ ಹುಡುಗನನ್ನ ಇಡುಕ್ಕಿಯ ಘಟ್ಟಕ್ಕೋ ಕೊಡಗಿನ ತೋಟಕ್ಕೋ ಕಳಿಸಿದರೆ ಈ ಒಂದು ಕ್ಷಣದಲ್ಲಿ ಪ್ರಾಣಕ್ಕೇ ಬರಬಹುದು. ಇದರ ಜೊತೆ ಮೇನ್ ಕ್ಲಚ್ ಸಡಿಲ ಇದ್ದರೆ ಇಂಜಿನಿನ ಹಿಡಿತವನ್ನೂ ನಂಬೋ ಹಾಗಿಲ್ಲ. ಕ್ಲಚ್, ಬ್ರೇಕ್ ಎರಡೂ ಸರಿಯಾಗದೆ ಗಾಡಿಯನ್ನ ಇಳಿಜಾರಿಗೆ ಬಿಡಬೇಡಿ.

ಫೋನಲ್ಲಿ ಕೇಳಬೇಕಾದ್ದು

ಮಾದರಿ ಯಾವುದು? ಜಾರ್ತಿರೋದು ಮೇನಾ, ಸ್ಟಿಯರಿಂಗಾ? ಲಿವರ್ ‘ಟಪ್’ ಅಂತ ಕೂರುತ್ತಾ? ಎರಡು ಸ್ಟಿಯರಿಂಗ್ ಲಿವರಿಗೂ ಫ್ರೀ ಪ್ಲೇ ಸಮ ಇದೆಯಾ? ಎಣ್ಣೆ ಸೋರ್ತಿದೆಯಾ? ಗಾಡಿ ಎಷ್ಟು ತಿಂಗಳು ನಿಂತಿತ್ತು? ಬಳೆಯಲ್ಲಿ ಇನ್ನೂ ತಿರುಗೋ ಜಾಗ ಇದೆಯಾ? ಏಳೇ ಪ್ರಶ್ನೆ. ಇವಕ್ಕೆ ಉತ್ತರ ಕೊಡದ ಮೆಕ್ಯಾನಿಕ್ ಗಾಡಿ ಬಿಚ್ಚೋಕೆ ಹೊರಟರೆ, “ಅಣ್ಣಾ, ಒಂದು ದಿನ ತಡಿ” ಅನ್ನಿ.

ಮುಂದಿನ ಮಾತುಕತೆಯಲ್ಲಿ ಇದರ ಜೋಡಿ ವಿಷಯ: ಸ್ಟಿಯರಿಂಗ್ ಬ್ರೇಕ್ ಮತ್ತು ಚೈನಿನ ಬಿಗಿ.